ಮರದಡಿಯ ಕುರ್ಚಿಗಳು

ಗ್ರಂಥಾಲಯ ಬೀದಿ,
ಮೇ ೧೭, ಭಾನುವಾರ

ನನ್ನ ಮುದ್ದು ಮಗನೇ,

ಕಣ್ಣು ಹೇಗಿದೆ? ವೆಲ್ಡಿಂಗ್ ಮಾಡುವಾಗ ಕನ್ನಡಕ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಅದನ್ನು ಹಣೆಗೇರಿಸಿಕೊಂಡು "ಒಂದೇ ಕಿಡಿ ತಾನೇ" ಅನ್ನುತ್ತಿದ್ದೀಯಾ? ಸೇತುವೆ ತಡವಾದರೆ ಜನ ದೋಣಿಯಲ್ಲಿ ದಾಟಿಕೊಳ್ಳುತ್ತಾರೆ, ಕಣ್ಣು ಹೋದರೆ ಯಾರೂ ಕೊಡುವುದಿಲ್ಲ. ನನ್ನ ಮಂಡಿ ಇದ್ದ ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ಗೊಣಗುತ್ತದೆ, ಹತ್ತುವಾಗ ಜಗಳಕ್ಕೇ ಬರುತ್ತದೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಬರೀ ಚೆನ್ನಾಗಿದ್ದಾಳೆ ಅಂದರೆ ಸಾಲದು, ಅವಳ ವಿಷಯ ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ "ಮರಕ್ಕೆ ಸ್ವಲ್ಪ ಹುಷಾರಿಲ್ಲ" ಅಂದಳಂತೆ, ಅಷ್ಟೇ. ಉಳಿದದ್ದನ್ನು ನಾನು ಹೇಳುತ್ತೇನೆ ಕೇಳು.

ಗ್ರಂಥಾಲಯದ ಮುಂದಿನ ಮಳೆಮರವನ್ನು ಕಡಿದು ಕಾರು ನಿಲ್ಲಿಸುವ ಜಾಗ ಮಾಡುತ್ತೇವೆಂದು ನಗರಸಭೆ ಹೊರಟದ್ದು ನಿನಗೆ ಗೊತ್ತು. ನನಗೆ ಮೈ ಉರಿದುಹೋಯಿತು. ನಾನು ಗ್ರಂಥಾಲಯದ ಕೆಲಸಕ್ಕೆ ಸೇರಿದ ವರ್ಷ ಇದೇ ನಗರಸಭೆ ಚೌಕದಲ್ಲಿ ಕಾರಂಜಿ ಕಟ್ಟಿಸಿತು. ಅದರಲ್ಲಿ ನೀರು ಚಿಮ್ಮಿದ್ದು ಉದ್ಘಾಟನೆಯ ದಿನ ಮಾತ್ರ, ಅದೂ ಟ್ಯಾಂಕರಿನ ನೀರು. ಆಮೇಲೆ ಆಸ್ಪತ್ರೆ ರಸ್ತೆಯ ಮರಗಳನ್ನು ಉರುಳಿಸಿ ದೀಪದ ಕಂಬ ನೆಟ್ಟರು, ದೀಪ ಹಾಕುವುದನ್ನು ಮರೆತರು. ಅವರು ಮರೆತಿರಬಹುದು, ನಾನು ಮರೆಯುವವಳಲ್ಲ. ಆದ್ದರಿಂದ ಚಳಿಗಾಲವಿಡೀ ಪ್ರತಿ ಸಂಜೆ ಮರದಡಿ ಸಭೆ ಸೇರಿಸಿದೆ. ಮೂಲೆಯ ದರ್ಜಿ ಬಂದ, ಔಷಧಿ ಅಂಗಡಿಯವಳು ಬಂದಳು, ಶಾಲೆಯ ಮಕ್ಕಳು ಬಂದು ಕಾಂಡದ ಸುತ್ತ ಕೈ ಕೈ ಹಿಡಿದು ಕುಣಿದರು. ಎದುರುಮನೆಯ ಮೈಕು ಮಾವ ಬಾಡಿಗೆಯ ಕುರ್ಚಿ ತರಿಸಿದರು. ಅವರಿಗೆ ಮೈಕು ಯಾಕೆ ಬೇಕೋ ದೇವರೇ ಬಲ್ಲ, ಬರಿಗಂಟಲಲ್ಲೇ ಕಾಗೆ ಹಾರಿಸುತ್ತಾರೆ. ಚಹಾದ ಗಾಡಿಯೂ ಬಂದು ಬೇರಿನ ಮೇಲೇ ನಿಂತಿತು. ಕೊನೆಗೆ ನಗರಸಭೆ ಮಣಿಯಿತು. ಅವತ್ತು ಕುಣಿದವರಲ್ಲಿ ನನ್ನ ಮಂಡಿಯೂ ಸೇರಿತ್ತು.

ಬೇಸಿಗೆ ಬಂದಾಗ ಮರದ ನೆತ್ತಿ ಒಣಗತೊಡಗಿತು. ಚಿಗುರು ಬಂದರೂ ಚಿಕ್ಕದು, ಬಿಳಿಚಿಕೊಂಡದ್ದು. ನಗರಸಭೆಯ ಇಂಜಿನಿಯರ್ ಬಂದು ಕತ್ತೆತ್ತಿ ನೋಡಿ, "ಮಳೆಗಾಲ ಮುಗಿಯೋ ಹೊತ್ತಿಗೆ ಚೇತರಿಸ್ಕೊಳ್ದಿದ್ರೆ ಕಡಿಲೇಬೇಕಾಗುತ್ತೆ ಮೇಡಂ, ಕೊಂಬೆ ಯಾರ ತಲೆ ಮೇಲಾದ್ರೂ ಬೀಳುತ್ತೆ" ಅಂದ. ರಾತ್ರೋರಾತ್ರಿ ವಿಷ ಹಾಕಿಸಿದವನು ಅವನೇ ಎಂದು ನಮಗೆಲ್ಲ ಖಾತ್ರಿಯಾಯಿತು. ಪತ್ರಿಕೆಗೆ ಬೆಂಕಿಯಂಥ ಪತ್ರ ಬರೆದೆ. ಅಡುಗೆಮನೆಯಲ್ಲಿ ಅದನ್ನು ಓದಿ ಹೇಳಿದರೆ ನಿನ್ನ ಹೆಂಡತಿ ಪಾತ್ರೆ ಒರೆಸುತ್ತಲೇ, "ಅತ್ತೆ, ಇದನ್ನ ಕಳಿಸ್ಬೇಡಿ. ಯಾರೂ ವಿಷ ಹಾಕಿಲ್ಲ. ನಾವೇ ತುಳಿದು ತುಳಿದು ಅದರ ಉಸಿರು ಕಟ್ಟಿಸಿದ್ದೀವಿ" ಅಂದಳು. ನಾನು ರೇಗಿದೆ. ಸಸಿ ಮಾರುವವಳಿಗೆ ಎರಡೆಲೆಯ ಗಿಡ ಗೊತ್ತಿರಬಹುದು, ಇಷ್ಟು ದೊಡ್ಡ ಮರದ ವಿಷಯ ಏನು ಗೊತ್ತು ಅಂದೆ. ಅವಳೇನು ಸುಮ್ಮನಿರುವವಳೇ? "ಭಾನುವಾರ ಸಭೇಲಿ ತೋರಿಸ್ತೀನಿ, ಅಲ್ಲೇ ಬೈಯ್ರಿ" ಅಂದಳು.

ಆ ಭಾನುವಾರ ಎಲ್ಲರೂ ಕುಳಿತ ಮೇಲೆ ಒಂದು ಕಬ್ಬಿಣದ ಕಂಬಿ ಹಿಡಿದು ಬಂದಳು. "ಮಾವ, ಜೋರು ನಿಮ್ಮ ಗಂಟಲಲ್ಲಿ ಮಾತ್ರ ಇದೆಯೋ, ತೋಳಲ್ಲೂ ಇದೆಯೋ? ಇದನ್ನ ನೆಲಕ್ಕೆ ಚುಚ್ಚಿ ನೋಡೋಣ" ಎಂದು ಮೈಕು ಮಾವನ ಕೈಗೆ ಕೊಟ್ಟಳು. ಅವರು ಒತ್ತಿದರು, ಜೋತುಬಿದ್ದರು, ಮುಖ ಕೆಂಪಾಯಿತು. ಕಂಬಿ ಬೆರಳುದ್ದವೂ ಇಳಿಯಲಿಲ್ಲ. ಆಮೇಲೆ ಯಾರೂ ಓಡಾಡದ ಗ್ರಂಥಾಲಯದ ಹಿತ್ತಲಿಗೆ ಕರೆದೊಯ್ದು ಅದನ್ನೇ ಕೊಟ್ಟಳು. ಮೊಳದುದ್ದ ಸರ್ರನೆ ಇಳಿಯಿತು, ಮಾವ ಮುಗ್ಗರಿಸಿದರು. "ಅಯ್ಯೋ, ಅಲ್ಲಿ ನಾವು ರಸ್ತೆನೇ ಮಾಡ್ಬಿಟ್ಟಿದ್ದೀವಲ್ಲಮ್ಮ!" ಅಂದರು. ಅದೂ ಮೆಲ್ಲಗೆ! ಮರದಡಿಗೆ ವಾಪಸಾದಾಗ ಕುರ್ಚಿ ಬಿಟ್ಟೇಳದೆ ಕೂತಿದ್ದ ದರ್ಜಿ ಮಾತ್ರ ಕೊಂಕು ನುಡಿದ: "ನೀನೂ ನಗರಸಭೆ ಕಡೆ ಸೇರ್ಕೊಂಡ್ಯಾ?" ಇವಳು, "ನಾನು ಮರದ ಕಡೆ ಅಣ್ಣ. ಮೊದ್ಲು ಆ ಕುರ್ಚಿಯಿಂದ ಏಳಿ" ಅಂದಳು. ಎದ್ದ ನೋಡು! ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಬೇಲಿಯಾಚೆ ಹೋಗಿ ನಿಂತರು. ಎಷ್ಟೋ ಮಂತ್ರಿಗಳ ಭಾಷಣ ಕೇಳಿದ್ದೇನೆ. ತಪ್ಪು ನಿಮ್ಮದೇ ಎಂದು ಹೇಳಿಯೂ ಜನರನ್ನು ಜೊತೆಗೆ ಉಳಿಸಿಕೊಂಡವರನ್ನು ನಾನು ಕಂಡಿಲ್ಲ.

ಇದು ಅವಳ ತವರಿನಿಂದ ಬಂದ ತಿಳಿವಳಿಕೆಯಂತೆ. ನಿನ್ನ ಮಾವ ಮೊದಲೆಲ್ಲ ಹೊಲ ಒದ್ದೆಯಿದ್ದಾಗಲೇ ಟ್ರಾಕ್ಟರ್ ಇಳಿಸುತ್ತಿದ್ದರಂತೆ. ಮೇಲೆ ಹಿಟ್ಟಿನಂಥ ಮಣ್ಣು, ಗೇಣು ಕೆಳಗೆ ಹಲಗೆಯಂಥ ಪದರ; ಬೇರು ಅಲ್ಲಿಗೆ ಹೋಗಿ ಅಡ್ಡ ತಿರುಗುತ್ತಿತ್ತು, ನೀರು ಮೇಲೇ ನಿಲ್ಲುತ್ತಿತ್ತು. ಕೊನೆಗೆ ಅವರು ಚಕ್ರಕ್ಕೆಂದು ಗೆರೆ ಗುರುತು ಮಾಡಿ, ವರ್ಷ ವರ್ಷವೂ ಅದೇ ಜಾಡಿನಲ್ಲಿ ಮಾತ್ರ ಗಾಡಿ ಓಡಿಸಿ, ಉಳಿದ ನೆಲವನ್ನು ತುಳಿಯದೆ ಬಿಟ್ಟರು. ಬೀಗರನ್ನು ನಾನು ಬರೀ ಮಾತಿನ ಮಲ್ಲ ಅಂದುಕೊಂಡಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಅವರಿಗೆ ಹೇಳಬೇಡ. ಇಲ್ಲೂ ಇವಳು ಅದನ್ನೇ ಮಾಡಿದಳು. ಯಾರೂ ತುಳಿಯದಂತೆ ಮರದ ಸುತ್ತ ಹಗ್ಗ ಕಟ್ಟಿದಳು. ಗ್ರಂಥಾಲಯದ ತೋಟದ ಆಳು ಗುದ್ದಲಿ ತಂದು ಅಗೆಯಲು ಹೊರಟರೆ, "ಉಸಿರಾಡಿಸೋಕೆ ಹೋಗಿ ಬೇರೇ ಕತ್ತರಿಸ್ಬೇಡಪ್ಪ" ಎಂದು ತಡೆದು, ಬೇರುಗಳ ನಡುವೆ ಕೈಯಲ್ಲಿ ತಿರುಗಿಸುವ ಬೈರಿಗೆಯಿಂದ ಸಣ್ಣ ಸಣ್ಣ ತೂತು ಕೊರೆಸಿದಳು. ತೂತಿಗೆ ಗೊಬ್ಬರ ತುಂಬಿ, ಮೇಲೆ ತರಗೆಲೆ, ಮರದ ಚೂರು ಹರಡಿದಳು. ಕೆಲಸದವರು ನಿಲ್ಲುವುದಕ್ಕೂ ಹಲಗೆ ಹಾಸಿದ್ದಳು, ಭಾರ ಒಂದೇ ಕಡೆ ಬೀಳಬಾರದಂತೆ. ಬೈರಿಗೆ ಕಳಿಸಿದ್ದು ಯಾರು ಗೊತ್ತೇ? ಅದೇ ಇಂಜಿನಿಯರ್. ನನ್ನ ಪತ್ರ ಅಂಚೆಗೆ ಬೀಳದೆ ಉಳಿದದ್ದು ಒಳ್ಳೆಯದಾಯಿತು. ಕಾರಂಜಿಯ ಲೆಕ್ಕ ಮಾತ್ರ ಇನ್ನೂ ಬಾಕಿ ಇದೆ ಎಂದು ಅವನಿಗೆ ಹೇಳಿಯೇ ಕಳಿಸಿದ್ದೇನೆ.

ಮರ ಉಳಿಯುತ್ತದೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಎಲ್ಲರೆದುರು ಹೇಳುತ್ತಾಳೆ ನೋಡು, ಅದಕ್ಕೇ ಅವಳನ್ನು ನಂಬುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಬೆಸೆದದ್ದೆಲ್ಲ ಗಟ್ಟಿಯಾಗಿ ನಿಲ್ಲಲಿ, ನಿನ್ನ ಕೈಕಾಲು ನೆಟ್ಟಗಿರಲಿ.

ನಿನ್ನ
ಅಮ್ಮ

ಮತ್ತೆ ಬರೆದದ್ದು: ಮೇಲೆ ಬರೆಯಲು ಕೈ ಬರಲಿಲ್ಲ. ಎಲ್ಲರ ಕುರ್ಚಿ ಎತ್ತಿಸಿದವಳು ನಿನ್ನ ಅಪ್ಪನ ನೆನಪಿಗೆ ಮರದಡಿ ನೀನು ಮಾಡಿಟ್ಟ ಬೆಂಚನ್ನು ಮುಟ್ಟಿಲ್ಲ. ಅದಕ್ಕೆ ಹೋಗಲು ಹಗ್ಗದಲ್ಲಿ ದಾರಿಯನ್ನೂ ಬಿಟ್ಟಿದ್ದಾಳೆ. ಅವಳು ನರ್ಸರಿಗೆ ಹೋಗಿದ್ದಾಗ ಅದರ ಮುಂದೆ ನಾನೇ ಕಂಬಿ ಚುಚ್ಚಿ ನೋಡಿದೆ, ಠಣ್ ಅಂದಿತು. ನಾನೂ ಅಪ್ಪನ ಗೆಳೆಯರೂ ದಿನಾ ಕೂತು ಕಾಲೂರಿದ ಜಾಗವಲ್ಲವೇ. ತೆಗೆಸು ಅಂದರೆ "ಅವರು ಬರ್ಲಿ ಅತ್ತೆ" ಅನ್ನುತ್ತಾಳೆ. ನೀನು ಬರುವುದು ಮಳೆ ಕಳೆದ ಮೇಲೆ. ಒದ್ದೆ ಮಣ್ಣನ್ನು ತುಳಿದರೆ ಇನ್ನೂ ಕಲ್ಲಾಗುತ್ತದಂತೆ. ಫೋನಿನಲ್ಲಿ ಕೇಳಿದರೆ ನಿನ್ನ ದನಿಗೆ ನಾನೇ ಕರಗಿ ಬೇಡ ಅಂದುಬಿಡುತ್ತೇನೆ, ಅದಕ್ಕೇ ಕಾಗದ. ಇದು ಸಿಕ್ಕ ದಿನವೇ ಬೆಂಚು ತೆಗೆಸೆಂದು ಅವಳಿಗೆ ಹೇಳು, ನನಗಲ್ಲ. ಅದರ ಕಾಲುಗಳನ್ನು ಸಿಮೆಂಟಿನಲ್ಲಿ ಕೂರಿಸಿದವನು ನೀನು. ಅಗೆಯದೆ ಎಲ್ಲಿ ಕತ್ತರಿಸಬೇಕೆಂದೂ ನೀನೇ ಹೇಳು. ಗ್ರಂಥಾಲಯದ ಗೋಡೆ ಪಕ್ಕ ಜಾಗ ನೋಡಿಟ್ಟಿದ್ದೇನೆ, ಅಪ್ಪನಿಗೂ ಪುಸ್ತಕ ಹತ್ತಿರವಾಗುತ್ತದೆ. ತಡ ಮಾಡಬೇಡ, ಮೋಡ ಕಟ್ಟುತ್ತಿದೆ.