ಬಣ್ಣ ಮಾಸದ ರಿಬ್ಬನ್ನು

ಪ್ರೀತಿಯ ತಮ್ಮನಿಗೆ,

ಈ ಕಾಗದವನ್ನು ಬಂದರಿನ ಐಸ್ ಫ್ಯಾಕ್ಟರಿಯವನ ಕೈಗೆ ಕೊಟ್ಟಿದ್ದೇನೆ. ನೀನು ದಡ ಮುಟ್ಟಿದ ಕೂಡಲೇ ಊರಿನವರೆಲ್ಲ ನಿನ್ನ ಕಿವಿಗೆ ಊದುವ ಮೊದಲು ವಿಷಯ ನನ್ನಿಂದಲೇ ತಿಳಿಯಲಿ ಎಂದು. ಓದಿ ಮುಗಿಯುವ ತನಕ ನನ್ನ ಮೇಲೆ ಹಾರಾಡಬೇಡ.

ಗಾಳದ ಹಗ್ಗ ಬಿಡುವಾಗ ಎರೆಗೆ ಬಾಯಿ ಹಾಕಿ ಸಾಯದಂತೆ ಹಕ್ಕಿಗಳನ್ನು ಹೆದರಿಸಲು ದೋಣಿಯ ಹಿಂದೆ ಕಟ್ಟುವ ರಿಬ್ಬನ್ನುಗಳನ್ನು ಹೊಲಿಯುವವಳು ನಾನು. ನಿನ್ನದಕ್ಕೆ ಮಾತ್ರ ಜೋಡಿ ಹೊಲಿಗೆ ಹಾಕಿದ್ದೆ. ಈ ಸಲ ಎಲ್ಲ ದೋಣಿಗಳದ್ದೂ ರಿಪೇರಿಗೆ ಬಂದವು. ಉಳಿದವರದ್ದು ಬಿಸಿಲಿಗೆ ಬಿಳಚಿ, ಉಪ್ಪಿಗೆ ಒರಟಾಗಿ, ತುದಿ ಹರಿದಿದ್ದವು. ನಿನ್ನದು ಅಂಗಡಿಯಿಂದ ಆಗತಾನೇ ತಂದ ಹಾಗೆ ಕೆಂಪಗಿತ್ತು. ನಾನು ಮಡಿಸಿಕೊಟ್ಟ ಮಡಿಕೆಯೂ ಬಿಚ್ಚಿರಲಿಲ್ಲ. “ಅದು ಗಾಳಕ್ಕೆ ಸುತ್ಕೊಳ್ಳುತ್ತೆ ಅಕ್ಕ, ದೊಡ್ಡ ತಲೆನೋವು” ಎಂದು ನೀನು ಗೊಣಗಿದ್ದು ನೆನಪಾಯಿತು.

ಆದರೂ ಅದೇ ಸಂಜೆ ಬಂದರಿನ ಸಭೆಯಲ್ಲಿ, ಕಡಲಹಕ್ಕಿಗಳ ಲೆಕ್ಕ ಇಡುವ ನಮ್ಮ ಹಕ್ಕಿ ಮೇಡಂ ನನ್ನನ್ನು ಎಬ್ಬಿಸಿ ನಿಲ್ಲಿಸಿ, “ಇವರ ತಮ್ಮನ ದೋಣೀಲಿ ಒಂದು ಹಕ್ಕೀನೂ ಸತ್ತಿಲ್ಲ” ಎಂದಾಗ ನಾನು ಹಲ್ಲು ಕಿರಿದೆ. ಚಪ್ಪಾಳೆ ಬಿದ್ದಷ್ಟೂ ನಾಚಿಕೆಯಿಂದ ಕುಗ್ಗಿದೆ. ಬಾಯಿ ಮಾತ್ರ ಬಿಡಲಿಲ್ಲ.

ಮೊನ್ನೆ ನಿನ್ನ ಮಗಳು ಹೆಬ್ಬೆರಳಿಗೆ ಒಂದು ಲೋಹದ ಉಂಗುರ ಸಿಕ್ಕಿಸಿಕೊಂಡು ಬಂದಳು. “ಅತ್ತೆ, ಅಪ್ಪ ಸಮುದ್ರದಿಂದ ತಂದಿದ್ದು!” ಮೇಲೆ ನಂಬರು ಕೆತ್ತಿತ್ತು. ದ್ವೀಪದ ಆ ದೊಡ್ಡ ಕಡಲಹಕ್ಕಿಗಳು, ಆಲ್ಬಟ್ರಾಸ್‌ಗಳ ಕಾಲಿಗೆ ಮೇಡಂ ಗುರುತಿಗೆಂದು ತೊಡಿಸುವ ಉಂಗುರವದು. ಯಾವ ಮನಸ್ಸಿನಿಂದ ಅದನ್ನು ಮಗುವಿಗೆ ಕೊಟ್ಟೆಯೋ!

ಚಿಕ್ಕವನಿದ್ದಾಗ ಆ ಹಕ್ಕಿಯ ಕೊಕ್ಕಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡು, “ಅಕ್ಕಾ, ಅದಕ್ಕೂ ನೆಗಡಿ!” ಎಂದು ಓಡಿಬಂದವನು ನೀನು. ಕುಡಿದ ಕಡಲ ನೀರಿನ ಉಪ್ಪನ್ನು ಅದು ಹಾಗೆ ಹೊರಹಾಕುತ್ತದೆ ಎಂದು ಎಷ್ಟು ಹೇಳಿದರೂ ಕೇಳದೆ ನಿನ್ನ ಕರವಸ್ತ್ರ ಕೊಡಲು ಹೊರಟಿದ್ದೆ. ರೆಕ್ಕೆ ಬಡಿಯದೆ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುವ ಅದನ್ನು ಸೋಮಾರಿ ಎಂದು ಛೇಡಿಸುತ್ತಿದ್ದೆ. ಅಂಥ ಹಕ್ಕಿ ನಿನ್ನ ಗಾಳದ ಎರೆ ಕಚ್ಚಿ, ಮುಳುಗುವ ಹಗ್ಗದ ಜೊತೆ ತಾನೂ ಮುಳುಗಿತು. ನನ್ನ ರಿಬ್ಬನ್ನು ದೋಣಿಯಲ್ಲಿ ಮಡಿಸಿಟ್ಟ ಹಾಗೇ ಇತ್ತು.

ನಿನ್ನೆ ಉಂಗುರವನ್ನು ಮೇಡಂ ಕೈಗಿಟ್ಟೆ. ನಿನ್ನ ದೋಣಿಯ ವಿಷಯ ಹೇಳಿದೆ, ಗೊತ್ತಿದ್ದೂ ಚಪ್ಪಾಳೆ ಗಿಟ್ಟಿಸಿದ ನನ್ನ ವಿಷಯವನ್ನೂ ಹೇಳಿದೆ. ನಿನ್ನ ಲೈಸೆನ್ಸ್ ಹೋಗಬಹುದು. ಅವರು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ನಂಬರು ನೋಡಿ, “ಇದರ ಜೋಡಿ ಇನ್ನೂ ಮೊಟ್ಟೆ ಮೇಲೆ ಕೂತಿದೆ. ಎರಡು ವರ್ಷಕ್ಕೆ ಒಂದೇ ಮೊಟ್ಟೆ. ಇದು ವಾಪಸ್ ಬಂದ್ರೆ ತಾನೇ ಅದು ಹೊಟ್ಟೆಗೆ ಹುಡುಕ್ಕೊಂಡು ಹೋಗೋದು” ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಇವತ್ತು ಗಾಳಿ ಜೋರಾಗಿದೆ. ನಿನ್ನ ಹೆಂಡತಿ ಬೆಳಿಗ್ಗೆಯಿಂದ ಕಿಟಕಿ ಬಿಟ್ಟು ಕದಲಿಲ್ಲ, ಊಟಕ್ಕೆ ಕರೆದರೆ “ಅವರು ಬರಲಿ” ಎನ್ನುತ್ತಾಳೆ. ಅವಳ ಮುಖ ನೋಡುವ ಧೈರ್ಯ ನನಗಿಲ್ಲ.

ಜಗಳವಾಡುವುದಿದ್ದರೆ ಮನೆಗೆ ಬಂದು ಆಡು. ಕಡಲು ನಿನ್ನನ್ನು ಕ್ಷೇಮವಾಗಿ ನಿನ್ನವರ ಬಳಿ ಸೇರಿಸಲಿ.

ಇಂತಿ,
ತಲೆ ತಗ್ಗಿಸಿ ಕಾಯುತ್ತಿರುವ
ನಿನ್ನ ಅಕ್ಕ