ಮುಟ್ಟದೆ ಬಿಟ್ಟ ಕಾಫಿ

ಶಾಗ್ಯ, ಸೋಮವಾರ

ನನ್ನ ಫೋನು ಎತ್ತದ ಅಕ್ಕನ ಮಗಳು ಮಧುಶ್ರೀಗೆ, ಹನೂರು ತಾಲ್ಲೂಕಿಗೇ ಹೆಸರಾದ ಟ್ರ್ಯಾಕ್ಟರ್ ಮೆಕ್ಯಾನಿಕ್, ನಿನ್ನ ಸೋದರಮಾವ ಬರೆಯುವುದೇನೆಂದರೆ,

ಮೊನ್ನೆ ಒಡೆಯರಪಾಳ್ಯದ ಟಿಬೆಟಿಯನ್ನರು ಟ್ರ್ಯಾಕ್ಟರ್ ರಿಪೇರಿಗೆ ನನ್ನನ್ನೇ ಕರೆಸಿದ್ದರು. ಬೇರೆ ಯಾರ ಕೈಲಾಗುತ್ತದೆ? ಮನೆಯ ಯಜಮಾನ ನಮ್ಗ್ಯಾಲ್ ತಾವೇ ಎರಡೂ ಕೈಯಲ್ಲಿ ಹಿಡಿದು ಟೀ ತಂದುಕೊಟ್ಟರು. ಸ್ವೆಟರ್ ಮಾರಲು ದೂರದೂರಿಗೆ ಹೊರಟಿದ್ದ ಮಗಳ ಲೋಟವನ್ನೂ ತುಂಬಿಸಿದರು. ಅವಳು ಅದನ್ನು ಮುಟ್ಟದೆ ಎದ್ದು ಹೋದಳು.

“ಏನ್ ಯಜಮಾನ್ರೇ, ಮಗ್ಳು ಮುನಿಸ್ಕಂಡ್ಳಾ?” ಎಂದೆ.

ಅವರು ನಕ್ಕರು. “ಇಲ್ಲ ಸಾ. ದೂರ ಹೊರಡೋರಿಗೆ ನಾವು ಹಿಂಗೇ ತುಂಬಿಸಿ ಇಡ್ತೀವಿ. ವಾಪಸ್ ಬಂದು ಕುಡೀಲಿ ಅಂತ.”

ಯುಗಾದಿಯ ದಿನ ನಮ್ಮ ಮನೆಯಲ್ಲಿ ನಿನ್ನ ಗಂಡ ಬಸವಕುಮಾರ ಕಾಫಿ ತಟ್ಟೆ ಹಿಡಿದು ಬಂದಾಗ, “ಗಂಡ್ಸಾಗಿ ತಟ್ಟೆ ಇಡ್ಕಂಡ್ ಬತ್ತೀಯೇನ್ಲಾ?” ಎಂದು ನಗೆಯಾಡಿದೆ. ನೀನು ತುಂಬಿದ ಲೋಟ ಬಿಟ್ಟು, ಅವನ ಕೈ ಹಿಡಿದು ಹೊರಟೇಹೋದೆ. ಅದು ಕೋಪ ಎಂದು ನನ್ನ ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ಅವಳಿಗೇನು ಗೊತ್ತು? ನೀನು ಟಿಬೆಟಿಯನ್ನರ ಪದ್ಧತಿಯಂತೆ ಬಿಟ್ಟುಹೋದೆ ಎಂದು ನಾನು ತೀರ್ಮಾನಿಸಿದ್ದೇನೆ.

ಭಾನುವಾರ ಬಸವಕುಮಾರನನ್ನೂ ಕರೆದುಕೊಂಡು ಬಂದು ಕುಡಿ. ಈ ಸಲ ತಟ್ಟೆ ನಾನು ಹಿಡಿಯುತ್ತೇನೆ. ನೊರೆ ಚೆಲ್ಲದಂತೆ ತರುವುದು ಹೇಗೆಂದು ಅವನೂ ನೋಡಿ ಕಲಿಯಲಿ.

ಹೊಸ ಕಾಫಿಪುಡಿ ತಂದಿಟ್ಟಿರುವ ನಿನ್ನ ಮಾವ,
ಗುರುಪಾದಸ್ವಾಮಿ