ಮ್ಯಾಪಿನಲ್ಲಿ ಕಂಡ ಹೊಂಗೆಮರ

ಗೋಪಾಳ, ಶಿವಮೊಗ್ಗ
12-5-2025, ಸೋಮವಾರ

ಯಜಮಾನರಿಗೆ,

ನಮಸ್ಕಾರ ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ನಮಸ್ಕಾರ. ನೀವು ಗದ್ದೆ ಮಾರಿದ ದಿನ ಭದ್ರಾವತಿಯ ಮನೆ ಬಿಟ್ಟು ಅಕ್ಕನ ಮನೆ ಸೇರಿದವಳು ಇವತ್ತಿನವರೆಗೆ ನಿಮಗೆ ಒಂದಕ್ಷರ ಬರೆದಿರಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಬಾಯಿ ಜೋರು, ನಿಮ್ಮದು ಬರೀ ಮೌನ. ಹಳೇ ಕಥೆಯೇ ಆಗುತ್ತದೆ.

ನಿನ್ನೆ ಹಪ್ಪಳ ಒತ್ತುತ್ತಾ ಕೂತಿದ್ದೆ. ಭಾವ ಹೊಳೆಹೊನ್ನೂರು ರಸ್ತೆಯಲ್ಲಿ ಸೈಟು ಹುಡುಕುತ್ತಿದ್ದಾರೆ. ಅವರಿಗೆ ತೋರಿಸಲು ಅಕ್ಕನ ಮಗಳು ಸ್ಫೂರ್ತಿ ಮೊಬೈಲಿನಲ್ಲಿ ಮ್ಯಾಪ್ ತೆಗೆದು, ಸ್ಯಾಟಲೈಟ್ ಚಿತ್ರ ಹಾಕಿ, ಹೊಸ ಬಡಾವಣೆಯೊಂದನ್ನು ಮೇಲಿನಿಂದ ತೋರಿಸಿದಳು. ಪಕ್ಕದ ಕಾಲುವೆಯ ತಿರುವು ಕಂಡ ಕೂಡಲೇ ಗುರುತು ಸಿಕ್ಕಿತು. ಅದು ನಮ್ಮ ಗದ್ದೆ.

ಬದುಗಳೆಲ್ಲ ಮಾಯ. ಎಲ್ಲಿ ನೋಡಿದರೂ ಮಣ್ಣಿನ ರಸ್ತೆ, ಚೌಕ ಚೌಕ ಸೈಟು. ಮಾರಿದ್ದು ಗೊತ್ತಿದ್ದರೂ ಕಣ್ಣು ಹುಡುಕಿದ್ದು ಒಂದನ್ನೇ. ನಮ್ಮ ಕೂಸನ್ನು ಬುಡದಲ್ಲಿ ಮಣ್ಣು ಮಾಡಿದ ಹೊಂಗೆಮರ ಎಲ್ಲಿ? ಬಾಣಂತಿಯೆಂದು ಅಂದು ನನ್ನನ್ನು ಅಲ್ಲಿಗೆ ಬಿಡಲಿಲ್ಲ. ನೀವೊಬ್ಬರೇ ಎತ್ತಿಕೊಂಡು ಹೋಗಿದ್ದಿರಿ. ಮಾರುವಾಗ ಆ ಮರದ ಗತಿಯೇನು ಎಂದು ಕೇಳಿದರೆ ತಲೆ ತಗ್ಗಿಸಿದಿರಿ. ಗದ್ದೆಯ ಜೊತೆ ಮಗುವನ್ನೂ ಮಾರಿದ ಮನುಷ್ಯ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ.

ಸ್ಫೂರ್ತಿ ಚಿತ್ರ ದೊಡ್ಡದು ಮಾಡಿದಳು. ನಡುವಿನ ರಸ್ತೆ ನೇರ ಬಂದದ್ದು ಒಂದು ಕಡೆ ಬಾಗಿ, ಹಸಿರು ಮರವೊಂದನ್ನು ಬಳಸಿಕೊಂಡು ಮುಂದೆ ಹೋಗಿತ್ತು. ಮರದ ಮೇಲೆ ಪುಟ್ಟ ಅಕ್ಷರಗಳಿದ್ದವು.

"ಇಂಪನಾ ಪಾರ್ಕ್ ಅಂತೆ ಚಿಕ್ಕಮ್ಮ. ಹೆಸ್ರು ಚೆನ್ನಾಗಿದೆ ಅಲ್ವಾ?" ಎಂದಳು.

ಹಿಟ್ಟಿನ ಕೈಯಲ್ಲೇ ಮೊಬೈಲು ಕಿತ್ತುಕೊಂಡೆ. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಮಗು; ಆ ಹೆಸರನ್ನು ಯಾರೂ ಕರೆಯಲೇ ಇಲ್ಲ. ತಮ್ಮ ತಾಯಿಯ ಹೆಸರು ಉಚ್ಚಂಗಮ್ಮ ಅಂತಲೇ ಇಡಬೇಕೆಂದು ಅತ್ತೆ ಹಟ ಹಿಡಿದಿದ್ದರು, ಅದಕ್ಕೇ ಆಸ್ಪತ್ರೆಯಲ್ಲಿ ನಾವಿಬ್ಬರೇ ಪಿಸುಗುಟ್ಟಿ ಇಟ್ಟುಕೊಂಡಿದ್ದ ಹೆಸರು ಅದು. ನನ್ನ ಅಕ್ಕನಿಗೂ ಗೊತ್ತಿಲ್ಲ.

ಅಂದರೆ ನೀವೇ. ಒಂದು ಮೆಸೇಜು ಕಳಿಸಲು ಬಾರದ ನೀವು ಇದನ್ನು ಯಾರ ಕೈಯಲ್ಲಿ ಬರೆಸಿದಿರಿ? ಅವರ ಮುಂದೆ ಬಾಯಿಬಿಟ್ಟು ಆ ಹೆಸರು ಹೇಳಲೇಬೇಕಾಯಿತಲ್ಲ! ನನ್ನ ಮುಂದೆ ಇಷ್ಟು ವರ್ಷ ಒಮ್ಮೆಯೂ ಹೇಳಲಿಲ್ಲ. ಮರ ಉಳಿಸಬೇಕೆಂಬ ಮಾತಿನ ಮೇಲೇ ಮಾರಿದ್ದೇನೆ ಎನ್ನಲು ಬಾಯಲ್ಲೇನು ಕಡುಬು ಇಟ್ಟುಕೊಂಡಿದ್ದಿರಾ? ಸಿಟ್ಟು ಬರುತ್ತಿದೆ, ಅಳುವೂ ಬರುತ್ತಿದೆ, ಯಾವುದು ಯಾವುದೆಂದು ತಿಳಿಯುತ್ತಿಲ್ಲ. ಹಪ್ಪಳದ ಹಿಟ್ಟು ಒಣಗಿಹೋಯಿತೆಂದು ಅಕ್ಕ ಬೈದಳು.

ಗುರುವಾರ ಬೆಳಿಗ್ಗೆ ಮರದ ಹತ್ತಿರ ಬರುತ್ತೇನೆ. ನೀವೂ ಬನ್ನಿ. ಕೂಸು ಯಾವ ಕಡೆಗೆ ತಲೆಯಿಟ್ಟು ಮಲಗಿದೆ, ನನಗೆ ತೋರಿಸಿ.

ಇಂತಿ,
ಇಂಪನಾಳ ತಾಯಿ
ಸುಮನಾ

ತಾ.ಕ.: ಕಾಗದ ಮಡಚುವ ಮುಂಚೆ ನನ್ನ ಮೊಬೈಲಿನಲ್ಲೂ ಒಮ್ಮೆ ತೆಗೆದು ನೋಡಿದೆ. ಈ ಜಾಗ ನಿಜವಾಗಿ ಇದೆಯೇ ಎಂದು ಮ್ಯಾಪ್ ಕೇಳಿತು. ಹೌದು ಎಂದು ಒತ್ತಿದೆ. ಆಮೇಲೆ ಅಕ್ಕನನ್ನು ಕರೆದು ನನ್ನ ಮಗಳ ಹೆಸರು ಹೇಳಿದೆ.